ಗೇಣಿದಾರನ ಸಮೇತ ಹೊಲ

ಅಮೆರಿಕದ ಅಯೋವ ರಾಜ್ಯದಲ್ಲಿ ಇನ್ನೂರು ಎಕರೆ ಮೆಕ್ಕೆಜೋಳದ ಹೊಲ ಕೊಂಡವನು, ಅಕ್ಟೋಬರಿನ ಒಂದು ಬೆಳಿಗ್ಗೆ ಕ್ರಯಪತ್ರ ಹಿಡಿದು ವಕೀಲರ ಮುಂದೆ ಕೂತ.

“ಗೇಣಿದಾರನನ್ನು ನಾಳೆಯೇ ಎಬ್ಬಿಸಿ.”

“ಸೆಪ್ಟೆಂಬರ್ 1ರೊಳಗೆ ನೋಟಿಸ್ ಹೋಗಿದ್ದರೆ ಮಾರ್ಚ್ 1ಕ್ಕೆ ಏಳುತ್ತಿದ್ದ. ಹೋಗಿಲ್ಲ. ಮಾರ್ಚ್‌ನಿಂದ ಇನ್ನೊಂದು ವರ್ಷ ಅವನದೇ.”

“ಮರೆತದ್ದು ಹಳೆಯ ಮಾಲೀಕ!”

“ಹೊಲದ ಜೊತೆ ಅವರ ಮರೆವೂ ನಿಮ್ಮ ಪಾಲಿಗೆ ಬಂತು.”

“ಹೋಗಲಿ, ಗೇಣಿ ದುಪ್ಪಟ್ಟು ಮಾಡಿ.”

“ಹಳೆಯ ಕರಾರು, ಹಳೆಯ ದರ.”

“ಬಾಯಿಮಾತಿನ ಕರಾರು ರೀ, ಒಂದು ಸಹಿಯೂ ಇಲ್ಲ!”

“ಬಾಯಿಮಾತಿಗೂ ಇದೇ ಕಾನೂನು.”

(ಕರ್ನಾಟಕದಲ್ಲಿ ಗೇಣಿ ಜಮೀನುಗಳು 1974ರ ಮಾರ್ಚ್ 1ರಂದೇ ಸರ್ಕಾರದ ವಶವಾದವು, ಅಯೋವದಲ್ಲಿ ಗೇಣಿಗೆ ಪ್ರತಿ ಮಾರ್ಚ್ 1ಕ್ಕೂ ಹೊಸ ಆಯುಷ್ಯ.)

“ಹಾಗಾದರೆ ನಾನು ಕೊಂಡದ್ದೇನು?”

“ಗೇಣಿ ವಸೂಲಿಯ ಹಕ್ಕು. ಹಳೆಯವರು ಮುಂಗಡ ಎತ್ತಿಕೊಂಡಿಲ್ಲ ತಾನೇ?”