ಬಹುಮಾನ ಬಂದಿದೆ, ದಯವಿಟ್ಟು ನಂಬಿ

ಗುರುತು ಪರಿಚಯವಿಲ್ಲದವರಿಗೆ ದುಡ್ಡು ಕೊಡುವುದು ನನ್ನ ಉದ್ಯೋಗ. ಇಷ್ಟು ಹೇಳಿದರೆ ಊರಿನಲ್ಲಿ ಕೆಲವರು ನನ್ನನ್ನು ಕಲಿಯುಗದ ಕರ್ಣ ಎಂದುಕೊಳ್ಳುತ್ತಾರೆ, ಜಾಣರು ತಮ್ಮ ಅಕೌಂಟ್ ನಂಬರ್ ಕಳಿಸುತ್ತಾರೆ. ದುಡ್ಡು ನನ್ನದಲ್ಲ. ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಪುಟ್ಟ ಕಚೇರಿ ಯುರೋಪಿನ ಕಂಪನಿಗಳ ಪರವಾಗಿ ಸಮೀಕ್ಷೆ ನಡೆಸುತ್ತದೆ. ಹಲ್ಲುಜ್ಜುವ ಬ್ರಷ್ಷು ಮೆತ್ತಗಿರಬೇಕೋ ಗಟ್ಟಿಯಿರಬೇಕೋ ಎಂಬಂಥ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ತುಂಬಿದ ಪುಣ್ಯಾತ್ಮರಿಗೆ 15 ಯೂರೋ ಬೆಲೆಯ ಡಿಜಿಟಲ್ ಗಿಫ್ಟ್ ಕಾರ್ಡನ್ನು ಇಮೇಲಿನಲ್ಲಿ ಕಳಿಸುವುದು ನನ್ನ ಪಾಲಿಗೆ ಬಂದ ಕೆಲಸ.

ದುಡ್ಡನ್ನೇ ಯಾಕೆ ಕಳಿಸಬಾರದು ಎಂದು ಕೀನ್ಯಾದವರು ಕೇಳುತ್ತಾರೆ. ಕೇಳುವುದು ಸಹಜ. ಇಲ್ಲಿ 2007ರಿಂದಲೇ ಎಂಪೆಸಾ ಇದೆ. ರಸ್ತೆ ಬದಿಯಲ್ಲಿ ಸುಕುಮಾ ಸೊಪ್ಪು ಹೆಚ್ಚಿಕೊಡುವ ಮಾಮಾಗೂ (ಇಲ್ಲಿ ಮಾಮಾ ಎಂದರೆ ಅಮ್ಮ, ಮಾವನಲ್ಲ) ಫೋನಿನಲ್ಲೇ ದುಡ್ಡು. ಸೊಪ್ಪು ಚೀಲಕ್ಕೆ ಬೀಳುವಷ್ಟರಲ್ಲಿ ಮುಟ್ಟಿತೆಂದು ಮೆಸೇಜು ಬಂದಿರುತ್ತದೆ. ಯುರೋಪಿನವರ ಬ್ಯಾಂಕಿಗೆ ಹಾಕೋಣವೆಂದರೆ ಐಬ್ಯಾನ್ ಎಂಬ ನಂಬರ್ ಬೇಕು. ನಾರ್ವೆಯವರದಕ್ಕೆ 15 ಅಕ್ಷರ, ಜರ್ಮನಿಯವರದಕ್ಕೆ 22. ನಕಾಶೆಯಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕಾದ ಮಾಲ್ಟಾದವರದಕ್ಕೆ 31! ಒಂದಂಕಿ ತಪ್ಪಿದರೂ ದುಡ್ಡು ಮುಟ್ಟುವುದಿಲ್ಲ. ಮೇಲಾಗಿ 2018ರಲ್ಲಿ ಜಾರಿಗೆ ಬಂದ ಜಿಡಿಪಿಆರ್ ಕಾಯಿದೆಯಿಂದಾಗಿ, ಜನರ ಇಂಥ ವಿವರ ಕೇಳುವ ಮೊದಲು ಯಾಕೆ, ಎಷ್ಟು ದಿನಕ್ಕೆ, ಎಲ್ಲಿಡುತ್ತೀರಿ ಎಂದು ನಾವೇ ಉತ್ತರ ಹೇಳಬೇಕು. ಗಿಫ್ಟ್ ಕಾರ್ಡಿಗಾದರೆ ಇಮೇಲ್ ವಿಳಾಸವೊಂದಿದ್ದರೆ ಸಾಕು.

ಸಾಕು ಎಂದುಕೊಂಡೇ ನಾವೂ ಈ ಕೆಲಸಕ್ಕೆ ಇಳಿದದ್ದು. ಆಮೇಲೆ ತಿಳಿಯಿತು, ಯುರೋಪ್ ಒಕ್ಕೂಟವೆಂದರೆ 27 ದೇಶ, ಗಿಫ್ಟ್ ಕಾರ್ಡಿನ ವಿಷಯದಲ್ಲಿ ಒಗ್ಗಟ್ಟು ಅಷ್ಟಕ್ಕಷ್ಟೇ. ಅಮೆಜಾನಿನ ಜರ್ಮನ್ ಕಾರ್ಡು ಅದರ ಫ್ರೆಂಚ್ ಅಂಗಡಿಯಲ್ಲಿ ನಡೆಯುವುದಿಲ್ಲ. ಆಸ್ಟ್ರಿಯಾದವರು ಜರ್ಮನಿಯ ಅಂಗಡಿಗೇ ಹೋಗುವವರು, ಅವರಿಗೆ ಅದೇ ಸೈ, ಪೋರ್ಚುಗಲ್ಲಿನವರಿಗೆ ಸ್ಪೇನಿನದು. ಪೋಲೆಂಡಿನವರಿಗೆ ಜ್ಲೋಟಿ, ಸ್ವೀಡನ್ನಿನವರಿಗೆ ಕ್ರೋನಾ. ಹಂಗೇರಿಯವರಿಗಂತೂ ಅದೇ ಹದಿನೈದು ಯೂರೋ ಸಾವಿರಗಟ್ಟಲೆ ಫೋರಿಂಟ್ ಆಗುತ್ತದೆ. ಕೊಟ್ಟವನಿಗೆ ಅಷ್ಟೇ ಖರ್ಚಾದರೂ ಪಟ್ಟಿಯಲ್ಲಿ ಆ ಸಾಲು ನೋಡಿದಾಗ ನನಗೂ ಒಂಚೂರು ಎದೆ ಉಬ್ಬುತ್ತದೆ. ಐರ್ಲೆಂಡಿನಲ್ಲಿ 2019ರ ಕಾನೂನಿನ ಪ್ರಕಾರ ಗಿಫ್ಟ್ ವೋಚರು ಕನಿಷ್ಠ 5 ವರ್ಷ ಬಾಳಿಕೆ ಬರಲೇಬೇಕು. (ನಮ್ಮೂರಿನ ಡಾಂಬರು ರಸ್ತೆಗೂ ಇಂಥದೊಂದು ಕಾನೂನು ಇದ್ದಿದ್ದರೆ!)

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ವಿವರಿಸಿದೆ. ಅರಸೀಕೆರೆಯಿಂದ ತೀರ್ಪು ಬಂತು: "ಮದುವೆ ಮನೇಲಿ ಮುಯ್ಯಿ ಓದಿಸಿದ ಹಾಗೆ ಅನ್ನು. ಆದ್ರೆ ಹದಿನೈದು ಯಾಕೋ? ಒಂದು ಸೇರಿಸಿ ಹದಿನಾರು ಮಾಡು, ಶುಭ." ಆ ಒಂದು ಯೂರೋವನ್ನು ಶಾಸ್ತ್ರದ ಬಾಬ್ತು ಎಂದು ತೋರಿಸಲು ನಮ್ಮ ಲೆಕ್ಕದ ವಿಭಾಗದ ಮಾಮಾ ಬಿಡಬೇಕಲ್ಲ. ಆಕೆಗೆ ಗಿಫ್ಟ್ ಕಾರ್ಡೆಂದರೇ ಆಗದು. ಹಿಂದೊಮ್ಮೆ ಈ ನಗರದ ದೊಡ್ಡ ಸೂಪರ್‌ಮಾರ್ಕೆಟೊಂದು ಬಾಗಿಲು ಹಾಕಿದಾಗ ಆಕೆಯ ಪರ್ಸಿನಲ್ಲಿ ಉಳಿದುಹೋದ ವೋಚರು ಈಗ ಬೈಬಲ್ಲಿನಲ್ಲಿ ಪುಟ ಗುರುತಿಸುವ ಚೀಟಿಯಾಗಿದೆ.

ಅಸಲು ತಾಪತ್ರಯ ಬೇರೆ. ಕಾರ್ಡು ಕಳಿಸಬಹುದು, ನಂಬಿಸುವುದು ಹೇಗೆ? ಕಾಣದ ಊರಿನಿಂದ ಒಂದು ಇಮೇಲ್: ನಿಮಗೆ ಹಣ ಬಂದಿದೆ, ಈ ಲಿಂಕ್ ಒತ್ತಿ. ಕಳಿಸಿದ ಊರು ಆಫ್ರಿಕಾದ್ದು. ಕೋಟಿಗಟ್ಟಲೆ ಆಸ್ತಿಯಲ್ಲಿ ಪಾಲು ಕೊಡುತ್ತೇನೆಂದ ನೈಜೀರಿಯಾದ ರಾಜಕುಮಾರನ ಪತ್ರ ಕಂಡವರು ಅವರು. ನೈಜೀರಿಯಾ ಈ ಖಂಡದ ಆ ದಂಡೆ, ನಾವು ಈ ದಂಡೆ ಎಂದು ತಿಳಿಹೇಳುವಷ್ಟರಲ್ಲಿ ಪತ್ರ ಸ್ಪ್ಯಾಮ್ ಸೇರಿರುತ್ತದೆ. ಸಾಲದ್ದಕ್ಕೆ ಕೆಳಗಿರುವ ಹೆಸರು ಭಾರತದ್ದು. ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ ಎಂದು ಫೋನಿನಲ್ಲಿ ಹೆದರಿಸಿ, ಅಂಗಡಿಯಿಂದ ಗಿಫ್ಟ್ ಕಾರ್ಡ್ ತರಿಸಿ, ಹಿಂದಿನ ನಂಬರ್ ಕೆರೆದು ಓದಿಸಿಕೊಳ್ಳುವ ನಮ್ಮ ದೇಶದ ಕಿಲಾಡಿಗಳ ಕೀರ್ತಿ ಯುರೋಪಿನವರೆಗೂ ಹಬ್ಬಿದೆ. ಆಫ್ರಿಕಾ, ಭಾರತ, ಗಿಫ್ಟ್ ಕಾರ್ಡ್ ಮೂರೂ ಒಂದೇ ಪತ್ರದಲ್ಲಿ! ನನಗೇ ಇಂಥದ್ದು ಬಂದಿದ್ದರೆ ನಾನೂ ಅಳಿಸುತ್ತಿದ್ದೆ.

"ಕೊಡೋರೂ ನೀವೇ, ತಗೊಳ್ಳಿ ಅಂತ ಗೋಗರೆಯೋರೂ ನೀವೇನಾ?" ಎಂದು ಅಮ್ಮ.

ಹೌದು. ಗೋಗರೆಯುವ ಧಾಟಿಯನ್ನು ಮಾತ್ರ ಬದಲಾಯಿಸಿದೆವು. ಮೊದಲು "ಅಭಿನಂದನೆಗಳು!" ಎಂದು ಶುರುಮಾಡುತ್ತಿದ್ದೆವು. ಅಭಿನಂದನೆ ಹೋಯಿತು, ಉದ್ಗಾರ ಚಿಹ್ನೆ ಹೋಯಿತು, ರಿಬ್ಬನ್ ಕಟ್ಟಿದ ಪೆಟ್ಟಿಗೆಯ ಚಿತ್ರ ಹೋಯಿತು. ಈಗಿನ ಒಕ್ಕಣೆ ಹೀಗೆ: "ಮೇಲ್ಕಂಡ ಸಮೀಕ್ಷೆಗೆ ಸಂಬಂಧಿಸಿದ ಮೊತ್ತದ ವಿವರ ಕೆಳಗಿದೆ." ಸಂತೋಷದ ಸುಳಿವೂ ಇಲ್ಲ. ಜನ ಗಂಭೀರವಾಗಿ ತೆರೆದು ಓದುತ್ತಾರೆ.

ಆದರೂ ಜರ್ಮನಿಯ ಹಿರಿಯ ಹೆಂಗಸೊಬ್ಬರು ಜಗ್ಗಲಿಲ್ಲ. ಕಂಪನಿಯ ಕಾಗದದ ಮೇಲೆ ಸಹಿ ಮತ್ತು ಮೊಹರಿನೊಂದಿಗೆ ಖಾತ್ರಿ ಕೊಡಿ ಎಂದರು. ಇದೇ ಮೊದಲ ಸಲ ಜರ್ಮನಿಯೂ ಕೀನ್ಯಾವೂ ಒಂದೇ ಮನಸ್ಸಿನವಾದವು. ಇಲ್ಲಿಯೂ ಮೊಹರಿಲ್ಲದ ಕಾಗದಕ್ಕೆ ಕಿಮ್ಮತ್ತಿಲ್ಲ. ಲೆಕ್ಕದ ಮಾಮಾಗೆ ಅಂದು ಹಬ್ಬ. ರಿವರ್ ರೋಡ್ ಕಡೆ ಹೋಗಿ ಹೊಸ ಮೊಹರನ್ನೇ ಮಾಡಿಸಿ ತಂದು, ನೇರಳೆ ಶಾಯಿಯಲ್ಲಿ ಠಪ್ಪೆಂದು ಒತ್ತಿ, ಸ್ಕ್ಯಾನ್ ಮಾಡಿ ಕಳಿಸಿಕೊಟ್ಟರು.

ವಾರದೊಳಗೆ ಉತ್ತರ ಬಂತು. "ವಂದನೆಗಳು. ಪುಸ್ತಕ ಕೊಂಡೆ, 14 ಯೂರೋ 40 ಸೆಂಟ್ ಆಯಿತು. ಕಾರ್ಡಿನಲ್ಲಿ 60 ಸೆಂಟ್ ಉಳಿದಿದೆ, ಅದು ನಿಮ್ಮ ಹಣ. ಹಿಂದಿರುಗಿಸಬೇಕು, ದಯವಿಟ್ಟು ನಿಮ್ಮ ಬ್ಯಾಂಕ್ ವಿವರ ಕಳಿಸಿ."

ಮಾಮಾ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. "ಉತ್ತರ ಬರೆಯಬೇಡ," ಎಂದರು. "ಇವರು ಖಂಡಿತ ಮೋಸಗಾರರು."