ಯಾರ ಕೈಕೆಳಗೂ ಇಲ್ಲದವನು

‘ಲಾರಿ ಓಡಿಸ್ತೀನಿ’ ಅನ್ನುವವನು ಡ್ರೈವರು. ‘ಲಾರಿ ಮಡಗಿವ್ನಿ’ ಅನ್ನುವವನು ಓನರು. ‘ಓನರ್ ಕಮ್ ಡ್ರೈವರ್ ಕನಾ ಸಾ’ ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳುವವನು ನಮ್ಮ ಓನರಣ್ಣ. ಓನರ್ ಅನ್ನುವುದು ಎದುರು ಬೆಂಚಿಗೂ ಕೇಳಿಸುತ್ತದೆ. ಡ್ರೈವರ್ ಅನ್ನುವುದು ಟೀ ಗುಟುಕಿನ ಜೊತೆ ಒಳಕ್ಕೆ ಇಳಿದುಹೋಗುತ್ತದೆ.

ಕ್ಲೀನರಾಗಿ ಲಾರಿ ಹತ್ತಿ, ಜಾಕು ಹೊತ್ತು, ಟಾರ್ಪಾಲಿನ ಹಗ್ಗ ಬಿಗಿದು ಅಂಗೈ ದಡ್ಡುಗಟ್ಟಿಸಿಕೊಂಡು, ಆಮೇಲೆ ಇನ್ನೊಬ್ಬರ ಗಾಡಿಯ ಸ್ಟೇರಿಂಗ್ ಹಿಡಿದು ಸವೆದವನು ಅವನು. ಆಗಿನ ಓನರು ಬೈದಾಗಲೆಲ್ಲ ‘ನಂದೂ ಒಂದು ಗಾಡಿ ಆಗ್ಲಿ, ಆಮ್ಯಾಕ ನೋಡ್ಕತೀನಿ’ ಎಂದು ಹಲ್ಲು ಕಚ್ಚುತ್ತಿದ್ದ. ಕೊನೆಗೆ ಹೆಂಡತಿಯ ಸರ ಅಡವಿಟ್ಟು, ಚೀಟಿ ಎತ್ತಿ, ಉಳಿದಿದ್ದಕ್ಕೆ ಫೈನಾನ್ಸ್ ಹಿಡಿದು ಆರು ಚಕ್ರದ ಹಳೇ ಲಾರಿಯೊಂದನ್ನು ತಂದ. ಬಾಡಿ ನಾಮಕ್ಕಲ್ಲಿನದು. ಮುಂದಿನ ಗಾಜಿನ ಮೇಲೆ ‘ಮಾದಪ್ಪನ ಕೃಪೆ’. ಆರ್‌ಸಿಯಲ್ಲಿ ಅವನ ಹೆಸರಿನ ಕೆಳಗೆ ಫೈನಾನ್ಸ್ ಕಂಪನಿಯ ಹೆಸರೂ ಕೂತಿದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಕಂತಿನ ಕರಾರಿನ ಮೇಲೆ ತೆಗೆದ ಗಾಡಿ ಯಾರ ಸ್ವಾಧೀನದಲ್ಲಿದೆಯೋ ಅವನೇ ಓನರು. ಯಾರೋ ವಕೀಲರು ಈ ಮಾತು ಹೇಳಿದ ದಿನದಿಂದ ಓನರಣ್ಣ ಊರಿನಲ್ಲಿದ್ದರೂ ಲಾರಿಯಲ್ಲೇ ಮಲಗುತ್ತಾನೆ. ಸ್ವಾಧೀನ ತಪ್ಪಬಾರದಲ್ಲ.

ಈ ತಳಿ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಇದೆ. ಕೊಳ್ಳೇಗಾಲದವನು ಬಾಯಿಗಾರ. ಬೆಂಗಳೂರು ರಸ್ತೆ, ಮೈಸೂರು ರಸ್ತೆ, ಈರೋಡು ರಸ್ತೆ ಎಲ್ಲ ತನ್ನ ಹಿತ್ತಲಿನಿಂದಲೇ ಹೊರಡುತ್ತವೆ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಹನೂರಿನವನು ಮುಸುಕಿನ ಜೋಳದ ಕಾಲಕ್ಕೆ ಕಣ್ಣಿಗೆ ಬೀಳುವುದೇ ಇಲ್ಲ, ಮಿಕ್ಕ ಕಾಲದಲ್ಲಿ ಕಣ್ಣು ತಪ್ಪಿಸುವುದಿಲ್ಲ. ಅವನು ಮಾದಪ್ಪನ ಮೇಲೆ ಭಾರ ಹಾಕಿ ಗಾಡಿಯ ಮೇಲೂ ಭಾರ ಹಾಕುವವನು. ಮೊದಲನೆಯ ಭಾರವನ್ನು ಮಾದಪ್ಪ ಹೊತ್ತುಕೊಳ್ಳುತ್ತಾನೆ. ಎರಡನೆಯದು ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಮೇಲಿಂದ ಹೆಚ್ಚಾದ ಪ್ರತಿ ಟನ್ನಿಗೆ 2,000. ಯಳಂದೂರಿನವನ ಗತ್ತೇ ಬೇರೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರಲ್ಲವೆ? ಅವನು ಲೋಡು ಕೇಳಿಕೊಂಡು ಹೋಗುವುದಿಲ್ಲ. ರೈಸ್ ಮಿಲ್ಲಿನ ಮುಂದೆ ಗಾಡಿ ನಿಲ್ಲಿಸಿ ಲೋಡಿಗೆ ದರ್ಶನ ಕೊಡುತ್ತಾನೆ. ಲೋಡು ಬರದಿದ್ದರೆ ಅದು ಲೋಡಿನ ಪ್ರಾರಬ್ಧ.

ಲಾರಿ ಓಡಿಸುವುದಕ್ಕಿಂತ ಲೋಡು ಹುಡುಕುವುದು ದೊಡ್ಡ ಕಸುಬು. ಬೆಳಿಗ್ಗೆ ಗಾಜು ಒರೆಸಿ, ಊದುಬತ್ತಿ ಸಿಕ್ಕಿಸಿ, ನಿಂಬೆಹಣ್ಣು ಬದಲಿಸಿ ಓನರಣ್ಣ ಫೋನು ತೆಗೆಯುತ್ತಾನೆ. ಅವನಿರುವ ವಾಟ್ಸಾಪ್ ಗುಂಪುಗಳನ್ನು ಅವನೇ ಎಣಿಸಿಲ್ಲ. ‘ಕೊಳ್ಳೇಗಾಲ ಟು ಈರೋಡ್ ಸಿಕ್ಸ್ ವೀಲ್ ಅರ್ಜೆಂಟ್’, ‘ಚಾಮರಾಜನಗರ ಟು ಬೆಂಗ್ಳೂರ್ ಅರ್ಜೆಂಟ್ ಅರ್ಜೆಂಟ್’. ಅರ್ಜೆಂಟಲ್ಲದ ಲೋಡನ್ನು ಈ ಗುಂಪುಗಳಲ್ಲಿ ಇದುವರೆಗೆ ಯಾರೂ ಕಂಡಿಲ್ಲ. ಫೋನು ಮಾಡಿದರೆ ಆ ಕಡೆಯ ಬುಕಿಂಗ್ ಏಜೆಂಟನಿಗೆ ಮಾತ್ರ ಯಾವ ಅವಸರವೂ ಇರುವುದಿಲ್ಲ.

‘ಅಣ್ಣ, ಈರೋಡ್ ಲೋಡ್ ಹಾಕಿದ್ರಲ್ಲ…’

‘ಅದು ಹೋಯ್ತು ಕನಪ್ಪ.’

‘ಹಾಕಿ ಐದು ನಿಮಿಷ ಆಗಿಲ್ವಲ್ಲಣ್ಣ.’

‘ನಾಳಿಕ ಇನ್ನೊಂದದೆ. ಟನ್ನಿಗ ಐವತ್ತು ಕಮ್ಮಿ.’

‘ಡೀಸೆಲ್ ರೇಟು ಗೊತ್ತಲ್ಲಣ್ಣ ನಿಮ್ಗ? ನಮ್ಗೂ ಗೀಟಬೇಕಲ್ಲ.’

‘ಬ್ಯಾಡಾಂದ್ರ ಬುಡು. ಸರದಿಲಿ ನಾಕು ಗಾಡಿ ಅವೆ.’

ಇಲ್ಲಿಗೆ ಓನರಣ್ಣ ಎದ್ದು ನಿಲ್ಲುತ್ತಾನೆ. ಟೀ ಅಂಗಡಿಯವನಿಗೂ, ಪಂಕ್ಚರ್ ಹಾಕುವ ಹುಡುಗನಿಗೂ ಕೇಳುವಂತೆ ‘ಬ್ಯಾಡ ಅಂದ್ರ ಬ್ಯಾಡ. ನಾನು ಯಾರ ಕೈಕೆಳಗೂ ಇಲ್ಲ!’ ಎಂದು ಫೋನು ಕಟ್ ಮಾಡುತ್ತಾನೆ. ಬೆಂಚಿನ ಮೇಲೆ ಫೋನನ್ನು ಮುಖ ಮೇಲಾಗಿ ಇಡುತ್ತಾನೆ. ಇನ್ನೊಂದು ಟೀ ಹೇಳುತ್ತಾನೆ. ಫೋನಿನ ಪರದೆ ಒರೆಸುತ್ತಾನೆ. ಸಿಗ್ನಲ್ ಇದೆಯೇ ಎಂದು ಎತ್ತಿ ಹಿಡಿದು ನೋಡುತ್ತಾನೆ. ಟೀ ಮುಗಿಯುವ ಹೊತ್ತಿಗೆ ತಾನೇ ಒತ್ತುತ್ತಾನೆ: ‘ಹಲೋ, ಅಣ್ಣ, ಲೈನ್ ಕಟ್ಟಾಗೋಯ್ತು…’

ಅರಿಶಿನದ ಲೋಡಾದರೆ ಈರೋಡಿಗೆ. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಬಂದಿದ್ದು 1956ರ ನವೆಂಬರ್ 1ರಂದು. ಜನಕ್ಕೆ ತಿಳಿಯಿತು, ಕಂದಾಯ ಇಲಾಖೆಗೆ ತಿಳಿಯಿತು, ಅರಿಶಿನಕ್ಕೆ ಮಾತ್ರ ಯಾರೂ ತಿಳಿಸಿದಂತಿಲ್ಲ. ಚಾಮರಾಜನಗರ ದಾಟಿ, ಪುಣಜನೂರು ದಾಟಿ, ಹಾಸನೂರು, ದಿಂಬಂ ಘಾಟಿಯ 27 ತಿರುವು ಇಳಿದು ಅದು ಇನ್ನೂ ಹಳೇ ಜಿಲ್ಲೆಯ ಕಡೆಗೇ ಹೋಗುತ್ತದೆ. 2022ರ ಫೆಬ್ರವರಿಯಿಂದ ದಿಂಬಂನಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಲಾರಿ ಬಿಡುವುದಿಲ್ಲ. ಮದರಾಸು ಹೈಕೋರ್ಟಿನ ಆದೇಶ, ಕಾಡಿನ ಪ್ರಾಣಿಗಳ ಸಲುವಾಗಿ. ಕೋರ್ಟು ಹೇಳಿದ್ದು ಸರಿಯೇ. ಆದರೆ ಮಿಲ್ಲಿನವರು ಹಮಾಲರನ್ನು ಬಿಡುವುದು ಮಧ್ಯಾಹ್ನ ಮೂರಕ್ಕೆ, ಲೋಡಾಗಿ ಹಗ್ಗ ಬಿಗಿಯುವ ಹೊತ್ತಿಗೆ ಐದು. ಹಾಗಾಗಿ ಓನರಣ್ಣನ ದಾಂಪತ್ಯದ ಅರ್ಧ ರಾತ್ರಿಗಳು ಗೇಟಿನ ಈಚೆ, ಲಾರಿ ಕೆಳಗಿನ ಚಾಪೆಯ ಮೇಲೆ ಕಳೆದಿವೆ.

ಹಗಲಲ್ಲಿ ಹೋದರೂ ಅಲ್ಲೊಂದು ಚೆಕ್‌ಪೋಸ್ಟು ಹೆಚ್ಚಿಗೆ ಇದೆ. ಕಾರಪಳ್ಳಂ, ಹಾಸನೂರು ಕಡೆ ಕಬ್ಬಿನ ಲಾರಿ ಬರುವುದನ್ನೇ ಕಾದು ರಸ್ತೆಗಿಳಿಯುವ ಆನೆಗಳು. ಸೊಂಡಿಲು ಚಾಚಿ ಒಂದು ಹಿಡಿ ಎಳೆದುಕೊಂಡು ದಾರಿ ಬಿಡುತ್ತವೆ. ಓನರಣ್ಣನಿಗೆ ಅವುಗಳ ಮೇಲೆ ಬಹಳ ಗೌರವ. ‘ಸಾ, ಅವು ಮುಂದಿಂದೇ ಈಸ್ಕತವೆ, ಎಷ್ಟು ಬೇಕೋ ಅಷ್ಟೇ ಈಸ್ಕತವೆ. ಪೇಪರ್ ಅದಾ ಅಂತ ಕೇಳಾಕಿಲ್ಲ, ನಾಳಿಕ ಬಾ ಅನ್ನಾಕಿಲ್ಲ.’

ಈರೋಡಿನಲ್ಲಿ ಇಳಿಸಿದ ಮೇಲೆ ಶುರುವಾಗುವುದು ರಿಟರ್ನ್ ಲೋಡಿನ ವ್ರತ. ಖಾಲಿ ಬಂದರೆ ಹೋದ ಬಾಡಿಗೆಯೂ ಡೀಸೆಲ್ಲಿಗೇ ಸರಿ. ಅಲ್ಲಿನ ಬುಕಿಂಗ್ ಆಫೀಸಿನಲ್ಲಿ ಅವನು ಅಚ್ಚ ತಮಿಳಿನಲ್ಲಿ ಗೋಗರೆಯುತ್ತಾನೆ. ಕನ್ನಡದಲ್ಲಿ ಗೋಗರೆಯುವುದು ಮಾನಕ್ಕೆ ಕಮ್ಮಿ, ತಮಿಳಿನಲ್ಲಿ ಅದು ವ್ಯವಹಾರ. ಸಿಮೆಂಟು ಸಿಕ್ಕರೆ ಪುಣ್ಯ, ಕೋಳಿ ಆಹಾರ ಸಿಕ್ಕರೆ ಅಡ್ಡಿಯಿಲ್ಲ. ಒಮ್ಮೊಮ್ಮೆ ಪ್ಲಾಸ್ಟಿಕ್ ಕೊಡ ಸಿಗುತ್ತವೆ: ಗಾಡಿ ಆಕಾಶದವರೆಗೆ ತುಂಬಿರುತ್ತದೆ, ತೂಕ ಮಾತ್ರ ಇರುವುದಿಲ್ಲ, ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ. ಊರೊಳಗೆ ಬರುವಾಗ ನೋಡಿದವರು ‘ಓನರಣ್ಣಂದು ಫುಲ್ ಲೋಡು’ ಅಂದುಕೊಳ್ಳುತ್ತಾರೆ. ಅವನೂ ಅಲ್ಲ ಅನ್ನುವುದಿಲ್ಲ.

ನಮ್ಮ ಕಡೆಗೆ ರೈಲು ಬರಬೇಕೆಂದು ಎಲ್ಲ ಪಕ್ಷದವರೂ ಎಲ್ಲ ಚುನಾವಣೆಯಲ್ಲೂ ಕೇಳುತ್ತಾರೆ. ಕೊಳ್ಳೇಗಾಲ, ಯಳಂದೂರು ಹಾದು ಹೋಗಬೇಕಾದ ಹೆಜ್ಜಾಲ–ಚಾಮರಾಜನಗರ ಮಾರ್ಗಕ್ಕೆ 1990ರ ದಶಕದಲ್ಲೇ ಒಪ್ಪಿಗೆ ಸಿಕ್ಕಿದೆ. ಈ ವಿಷಯದಲ್ಲಿ ರೈಲ್ವೆ ಇಲಾಖೆಯ ಕೆಲಸದ ವೇಗವನ್ನು ಮನಸಾರೆ ಮೆಚ್ಚಿಕೊಂಡಿರುವ ಏಕೈಕ ಮತದಾರ ಓನರಣ್ಣ.

ಅವನ ಲೆಕ್ಕದ ಪುಸ್ತಕ ಡ್ಯಾಶ್‌ಬೋರ್ಡಿನಲ್ಲಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್‌ಗಳ ಜೊತೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಬಿದ್ದಿರುತ್ತದೆ. ಲೋಡಾದಾಗ ಲೀಟರಿಗೆ ನಾಲ್ಕು ಕಿಲೋಮೀಟರು ಕೊಟ್ಟರೆ ಗಾಡಿ ಒಳ್ಳೇ ಮನಸ್ಸಿನಲ್ಲಿದೆ ಎಂದರ್ಥ. ಡೀಸೆಲ್ಲು, ಟೋಲು, ಕಮಿಷನ್ನು, ಹಮಾಲಿ, ಟಯರು, ಕಂತು, ಜೊತೆಗೆ ‘ಇತರೆ’. ಇತರೆ ಎಂದರೇನೆಂದು ಕೇಳಿದರೆ ಮಾತು ಬದಲಿಸುತ್ತಾನೆ. ಎಲ್ಲ ಕಳೆದು ಪುಟದ ಕೆಳಗೆ ಒಂದು ಸಾಲು: ‘ಡ್ರೈವರ್ ಬತ್ತಾ’. ಅದರ ಮುಂದೆ ಯಾವ ಪುಟದಲ್ಲೂ ಅಂಕಿ ಇಲ್ಲ.

ನನಗೆ ಅವನ ಕಥೆಯೆಲ್ಲ ಆ ಖಾಲಿ ಜಾಗದಲ್ಲಿದೆ ಅನ್ನಿಸುತ್ತದೆ. ಹಳೇ ಓನರು ಬಾಯಿ ಕೆಟ್ಟವನಾದರೂ ಗಾಡಿ ಶೆಡ್ಡಿಗೆ ಬಂದ ಗಳಿಗೆಯಲ್ಲೇ ಬತ್ತಾ ಎಣಿಸಿ ಕೊಡುತ್ತಿದ್ದ. ಈಗಿನ ಓನರು ಬೈಯುವುದಿಲ್ಲ, ಆದರೆ ಬತ್ತಾ ಕೇಳಿದರೆ ‘ಮುಂದಿನ ಟ್ರಿಪ್ಪಲ್ಲಿ ನೋಡುವ’ ಅನ್ನುತ್ತಾನೆ. ಹಬ್ಬಕ್ಕೆ ರಜ ಕೊಡುವುದಿಲ್ಲ. ಜ್ವರ ಬಂದರೆ ‘ಕಂತು ಯಾರು ಕಟ್ತಾರೆ?’ ಎಂದು ಕೇಳುತ್ತಾನೆ. ಇಂಥ ಓನರಿನ ಹತ್ತಿರ ಕೆಲಸ ಬಿಟ್ಟು ಬರಬಹುದಿತ್ತು. ಬಿಟ್ಟು ಬರುವುದಕ್ಕೆ ಇಬ್ಬರಿಗೂ ಇರುವುದು ಒಂದೇ ಚಪ್ಪಲಿ.

ಸರ್ಕಾರಕ್ಕೆ ಮಾತ್ರ ಅವನ ಸಂಪಾದನೆಯ ಮೇಲೆ ಅಪಾರ ನಂಬಿಕೆ. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರಿಗೆ ಆದಾಯ ತೆರಿಗೆಯಲ್ಲಿ ಒಂದು ಸರಳ ವ್ಯವಸ್ಥೆ ಇದೆ. ಲೆಕ್ಕಪತ್ರ ಬೇಡ, ಗಾಡಿಗೆ ತಿಂಗಳಿಗೆ ಇಷ್ಟು ಸಿಕ್ಕಿರುತ್ತದೆ ಎಂದು ಅವರೇ ಭಾವಿಸಿಕೊಳ್ಳುತ್ತಾರೆ. ಚಿಕ್ಕ ಗಾಡಿಗೆ 7,500 ರೂಪಾಯಿ. 2018ರ ಬಜೆಟ್ಟಿನ ಮೇಲೆ, 12 ಟನ್ ಮೀರಿದ ಗಾಡಿಗೆ ಟನ್ನಿಗೆ ಸಾವಿರದಂತೆ. ಓನರಣ್ಣನ ಗಾಡಿ ಪುಸ್ತಕದ ಪ್ರಕಾರ 16.2 ಟನ್ನು. ಇದನ್ನು ಆಡಿಟರ್ ಆಫೀಸಿನಿಂದ ಕೇಳಿಸಿಕೊಂಡು ಬಂದು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ‘ಗೌರ್ಮೆಂಟ್‌ನೋರೇ ತಿಂಗಳಿಗ ಹದಿನಾರು ಸಾವಿರ ಬತ್ತದೆ ಅಂದವರೆ. ಎಲ್ಲಿ ಮಡಗಿದ್ದರಿ?’ ಎಂದು ಹೆಂಡತಿ ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ಹೀಗಿರುವಾಗ ಅಟ್ಯಾಚ್ ವಿಷಯ ಬಂತು. ಒಂದು ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿ ಗಾಡಿಗಳನ್ನು ಅಟ್ಯಾಚ್ ಮಾಡಿಕೊಳ್ಳುತ್ತದೆ ಎಂದು ಯಾರೋ ಹೇಳಿದರು. ಲೋಡು ಹುಡುಕುವ ತಲೆನೋವಿಲ್ಲ, ತಿಂಗಳಿಗೆ ಇಷ್ಟು ಕಿಲೋಮೀಟರು ಗ್ಯಾರಂಟಿ, ಡೀಸೆಲ್ಲಿಗೆ ಕಾರ್ಡು. ಗಾಡಿ ಇವನದೇ, ಹೆಸರು ಇವನದೇ. ಬೇರೆ ಕಡೆ ಲೋಡು ಹಾಕುವ ಹಾಗಿಲ್ಲ, ಜಿಪಿಎಸ್ ಹಾಕಬೇಕು, ಬಿಲ್ಲು ಕೊಟ್ಟ ನಲವತ್ತೈದು ದಿನಕ್ಕೆ ದುಡ್ಡು, ಗಾಡಿಗೆ ಕಂಪನಿಯ ಬಣ್ಣ. ಟಯರು, ರಿಪೇರಿ, ಇನ್ಶೂರೆನ್ಸು, ಕಂತು ಇವನ ಪಾಲಿಗೆ.

ಒಂದು ವಾರ ಓನರಣ್ಣನೊಳಗೆ ಪಂಚಾಯ್ತಿ ನಡೆಯಿತು. ಡ್ರೈವರು ‘ಒಪ್ಕೊ, ತಿಂಗಳಾಗುತ್ಲೂ ದುಡ್ಡು’ ಅಂದ. ಓನರು ‘ಟಯರ್ ಸಿಡಿದ್ರ ಯಾರ್ದು?’ ಅಂದ. ಡ್ರೈವರು ‘ಏಜೆಂಟ್ ಮುಂದ ಹಲ್ಲು ಗಿಂಜದು ತಪ್ಪುತ್ತಲ್ಲ’ ಅಂದ. ಓನರು ‘ಜಿಪಿಎಸ್ ಇದ್ರ ಕೌದಳ್ಳಿ ಭಾವನ ಮನೇಲಿ ಬಾಡೂಟಕ್ಕ ನಿಲ್ಸಾದು ಹೆಂಗ?’ ಅಂದ. ಇದಕ್ಕೆ ಡ್ರೈವರಿನ ಹತ್ತಿರ ಉತ್ತರವಿರಲಿಲ್ಲ. ಅವನೂ ಅದೇ ಭಾವನ ಮನೆಯಲ್ಲಿ ಉಂಡವನು. ನಿಜ ಹೇಳಬೇಕೆಂದರೆ ಲೆಕ್ಕ ಹಾಕಿದರೆ ಡ್ರೈವರಿನ ಮಾತೇ ಗೆಲ್ಲಬೇಕು. ಆದರೆ ಬಾಡೂಟವನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೋ ನನಗೂ ಹೊಳೆಯಲಿಲ್ಲ.

ಆದರೂ ಆಫೀಸಿಗೆ ಹೋದ, ಇಸ್ತ್ರಿ ಅಂಗಿ ಹಾಕಿಕೊಂಡು. ಮ್ಯಾನೇಜರು ಎದುರಿಗೆ ಕೂರಿಸಿ ಎಲ್ಲ ವಿವರಿಸಿದರು. ಓನರಣ್ಣ ಎಲ್ಲದಕ್ಕೂ ತಲೆ ಆಡಿಸಿ, ಕೊನೆಗೆ ಒಂದೇ ಒಂದು ಸಂದೇಹ ಎತ್ತಿದ.

‘ಅಮಾಸೆಗ ರಜ ಬೇಕು ಸಾ. ಮಾದಪ್ಪನ ಬೆಟ್ಟಕ್ಕ ಹೋಗ್ಬೇಕು.’

‘ಯಾವ ಅಮಾವಾಸ್ಯೆ? ದೀಪಾವಳಿದಾ?’

‘ಎಲ್ಲಾ ಅಮಾಸೇನೂವೆ.’

‘ವರ್ಷಕ್ಕೆ ಹನ್ನೆರಡೂ?’

‘ಅಧಿಕ ಮಾಸ ಬಂದ್ರ ಹದಿಮೂರು.’

ಮ್ಯಾನೇಜರು ನಕ್ಕರು. ಆಮೇಲೆ, ಗಾಜಿನ ಮೇಲಿನ ‘ಮಾದಪ್ಪನ ಕೃಪೆ’ ಅಳಿಸಿ ಕಂಪನಿಯ ಹೆಸರು ಬರೆಸಬೇಕಾಗುತ್ತದೆ ಎಂದು ನಯವಾಗಿ ಹೇಳಿದರು. ಕ್ಲೀನರ್ ಕಡೆ ಬಾಗಿಲು ಕಂಪನಿಗೆ, ಡ್ರೈವರ್ ಕಡೆ ಬಾಗಿಲು ತನಗೆ, ಗಾಜು ಮಾದಪ್ಪನಿಗೆ ಎಂದು ಓನರಣ್ಣ ಪಾಲು ಮಾಡಿ ತೋರಿಸಿದ. ಅವರು ಒಪ್ಪಲಿಲ್ಲ. ಅಗ್ರಿಮೆಂಟಿನ ಒಂದು ಪ್ರತಿ ಕೊಟ್ಟು, ಯೋಚಿಸಿ ಬನ್ನಿ ಎಂದು ಕಳಿಸಿದರು.

ಆ ಅಗ್ರಿಮೆಂಟು ರುಜು ಕಾಣದೆ ಡ್ಯಾಶ್‌ಬೋರ್ಡಿನ ಕಟ್ಟಿಗೆ ಸೇರಿತು. ಆದರೆ ಸುಮ್ಮನೆ ಬಿದ್ದಿಲ್ಲ. ಮರುದಿನವೇ ಓನರಣ್ಣ ಅದನ್ನು ಹಿಡಿದು ಬುಕಿಂಗ್ ಆಫೀಸಿಗೆ ಹೋದ. ಏಜೆಂಟನ ಮೇಜಿನ ಮೇಲೆ ಬಿಡಿಸಿಟ್ಟು ‘ಕಂಪನಿಯೋರು ಕರೀತಾವರೆ ಅಣ್ಣ. ನಾನೇ ಇನ್ನೂ ಹ್ಞೂಂ ಅಂದಿಲ್ಲ. ಟನ್ನಿಗ ನೂರು ಜಾಸ್ತಿ ಮಾಡಿದ್ರ ನಿಮ್ ಜೊತೇಲೆ ಇದ್ದೋಗ್ತೀನಿ’ ಅಂದ.

ಏಜೆಂಟ ಕನ್ನಡಕ ಏರಿಸಿ ಎರಡು ಪುಟ ಓದಿದ. ‘ಚೆನ್ನಾಗದೆ ಕನಪ್ಪ. ಹೋಗು, ಒಳ್ಳೇದಾಗ್ಲಿ. ಹೋಗಾಕ ಮುಂಚ ಈರೋಡಿಗೊಂದು ಲೋಡದೆ, ಹಾಕೊಂಡೋಗ್ತಿಯಾ?’

‘ಎಷ್ಟು?’

‘ನೆನ್ನ ಹೇಳಿದ್ದೇಯ. ಐವತ್ತು ಕಮ್ಮಿ.’

‘ಬ್ಯಾಡ!’ ಎಂದು ಕಾಗದ ಮಡಚಿ ಜೇಬಿಗಿಟ್ಟು ಓನರಣ್ಣ ಹೊರಬಂದ. ಹತ್ತು ನಿಮಿಷದ ಮೇಲೆ ನಾನು ಆ ದಾರಿಯಲ್ಲಿ ಹೋಗುವಾಗ ಲಾರಿಯ ಮೇಲೆ ಹತ್ತಿ ಟಾರ್ಪಾಲು ಕೊಡವುತ್ತಿದ್ದ. ಎಲ್ಲಿಗೆ ಅಂದೆ. ಈರೋಡಿಗೆ ಅಂದ. ರೇಟು ಎಷ್ಟಕ್ಕೆ ಕುದುರಿತು ಅಂದೆ.

‘ರೇಟು ಅವ್ರು ಹೇಳಿದ್ದೇಯ ಸಾ,’ ಎಂದ, ಮೇಲಿನಿಂದ ಹಗ್ಗ ಕೆಳಕ್ಕೆ ಎಸೆಯುತ್ತ. ‘ಆದ್ರ ಮೊದ್ಲು ಬ್ಯಾಡ ಅಂದ್ಬುಟ್ಟೇ ಒಪ್ಕಂಡಿದ್ದು.’