ಕೇಂದ್ರಸ್ಥಾನದಲ್ಲಿ ವಾಸ

ನಮ್ಮ ಕಡೆ ಸರ್ಕಾರಿ ನೌಕರರಲ್ಲಿ ಎರಡೇ ಜಾತಿ. ಕೆಲಸದ ಊರಲ್ಲೇ ಮನೆ ಮಾಡಿದವರು ಒಂದು, ಅಪ್-ಡೌನ್ ಮಾಡುವವರು ಇನ್ನೊಂದು. ನಾನು ಎರಡನೆಯ ಜಾತಿ. ಮನೆ ಹರಪನಹಳ್ಳಿ, ಕಚೇರಿ ಹಗರಿಬೊಮ್ಮನಹಳ್ಳಿ, ನಡುವೆ ಕೊಟ್ಟೂರು. ಹತ್ತಿರ ಹತ್ತಿರ ಐವತ್ತು ಕಿಲೋಮೀಟರು. ‘ಪಾಪ, ದಿನಾ ಓಡ್ಯಾಡ್ತಾನ’ ಎಂದು ಮರುಗುವವರು ಓಣಿಗೊಬ್ಬರಿದ್ದಾರೆ. ನಾನೂ ಮುಖ ಸಪ್ಪಗೆ ಮಾಡಿಕೊಂಡು ಆ ಕನಿಕರವನ್ನು ಸ್ವೀಕರಿಸುತ್ತೇನೆ. ನಿಜ ಹೇಳಿಬಿಟ್ಟರೆ ಅವರೂ ಬಸ್ಸು ಹತ್ತಿಯಾರು. ಮೊದಲೇ ಸೀಟಿಲ್ಲ.

ನಿಜವೇನೆಂದರೆ, ಬಸ್ಸಿನಲ್ಲಿರುವಷ್ಟು ಹೊತ್ತು ನಾನು ಯಾರ ಸುಪರ್ದಿಯಲ್ಲೂ ಇಲ್ಲ. ಮನೆಯವರ ಲೆಕ್ಕದಲ್ಲಿ ಕಚೇರಿಯಲ್ಲಿದ್ದೇನೆ, ಕಚೇರಿಯ ಲೆಕ್ಕದಲ್ಲಿ ಇನ್ನೇನು ಬಂದೇ ಬಿಟ್ಟೆ. ಫೋನು ಬಂದರೆ ‘ಬಸ್ಸಿನಾಗ ಅದೀನ್ರಿ, ಏನೂ ಕೇಳಸವಲ್ದು’ ಎಂದರಾಯಿತು. ಕಚೇರಿಯ ಹಿಂದಿನ ಗಲ್ಲಿಯಲ್ಲೇ ಮನೆ ಹಿಡಿದ ಗೆಳೆಯನನ್ನು ನೋಡಿ. ಭಾನುವಾರ ಬೆಳಿಗ್ಗೆ ಬನಿಯನ್ನಿನಲ್ಲಿ ಹಲ್ಲುಜ್ಜುತ್ತಿದ್ದರೂ ಯಾರೋ ಅರ್ಜಿ ಹಿಡಿದು ಮುಂದೆ ನಿಂತಿರುತ್ತಾರೆ.

ಕೊಟ್ಟೂರಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಮಂಡಕ್ಕಿ, ಬಿಸಿ ಮಿರ್ಚಿ. ಎಣ್ಣೆ ಪದಾರ್ಥ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದು ಹರಪನಹಳ್ಳಿಯಲ್ಲಿ. ಕೊಟ್ಟೂರು ಈಗ ಕೂಡ್ಲಿಗಿಯಿಂದಲೂ ಬಿಡಿಸಿಕೊಂಡು ತಾನೇ ಒಂದು ತಾಲ್ಲೂಕಾಗಿ ಕೂತಿದೆ. ಪಕ್ಕದ ತಾಲ್ಲೂಕಿನ ಆದೇಶ ಅಲ್ಲಿ ಹೇಗೆ ನಡೆದೀತು? ಸಂಜೆ ಹಡಗಲಿ ಮಲ್ಲಿಗೆಯ ಒಂದು ಮೊಳ ಹಿಡಿದುಕೊಂಡು ಮನೆಗೆ ಹೋದರೆ ಮಿರ್ಚಿಯ ವಾಸನೆ ಸೊಸೈಟಿಯ ಸಾಲದಂತೆ ಸದ್ಯಕ್ಕೆ ಮುಚ್ಚಿಹೋಗುತ್ತದೆ. ಆ ಮಲ್ಲಿಗೆಗೆ ಜಿಐ ಮಾನ್ಯತೆ ಕೊಟ್ಟವರಿಗೆ ಈ ಗುಣ ಗೊತ್ತಿತ್ತೋ ಇಲ್ಲವೋ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಟ್ಟವರು ನಿಲ್ಲುತ್ತಾರೆ, ಕೊಡದವರು ಕೂರುತ್ತಾರೆ. ಅರ್ಧ ಸೀಟು ಗಂಡಸರಿಗೆ ಎಂದು ಆದೇಶದಲ್ಲಿದೆ. ಆದರೆ ಎಲೆ ಅಡಿಕೆ ಮೆಲ್ಲುತ್ತಾ ಕೂತ ಅಜ್ಜಿಯ ಮುಂದೆ ಆ ಆದೇಶವನ್ನು ಓದುವ ಗಂಡಸು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ನನಗೇನೂ ಬೇಸರವಿಲ್ಲ. ಕೂತರೆ ಪಕ್ಕದವರ ಕಥೆ ಒಂದೇ, ನಿಂತರೆ ನಾಲ್ಕು ಸೀಟಿನ ಕಥೆ. ಉಳ್ಳಾಗಡ್ಡಿ ರೇಟು ಬಿದ್ದದ್ದು, ಸಂಘದ ಕಂತು ಕಟ್ಟದೆ ತವರಿಗೆ ಹೋದವಳು, ಮೆಕ್ಕೆಜೋಳಕ್ಕೆ ಬಿದ್ದ ಹುಳ, ಎಲ್ಲ ಬಿಟ್ಟಿ.

“ದಿನಾ ಹೋಗ್ತೀಯೇನಪಾ?” ಎಂದು ಒಬ್ಬ ಅಜ್ಜಿ ವಿಚಾರಿಸಿದಳು.

“ಹೂಂ ಯವ್ವಾ.”

“ಅಲ್ಲೇ ಮನಿ ಸಿಗವಲ್ದೋ, ಮನ್ಯಾಗ ಇರಾಕ ಆಗವಲ್ದೋ?”

ಇಡೀ ಬಸ್ಸು ನನ್ನ ಉತ್ತರಕ್ಕೆ ಕಾದಿತ್ತು. ಸದ್ಯ, ಕಂಡಕ್ಟರು ‘ಒಳಗ ನಡೀರಿ’ ಎಂದು ಕಾಪಾಡಿದ.

ನೌಕರರು ಕೇಂದ್ರಸ್ಥಾನದಲ್ಲೇ ವಾಸಿಸತಕ್ಕದ್ದು ಎಂಬ ಸುತ್ತೋಲೆ ಆಗಾಗ ಬರುತ್ತದೆ. ಅದಕ್ಕೆ ನನ್ನ ಸಮಜಾಯಿಷಿ ಸಿದ್ಧವಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ, ಇವತ್ತು ಬಸದಿಯ ನೆಪದಲ್ಲಿ ನೆನಪಾಗುವ ಊರು. ಚಾಲುಕ್ಯರ ಕಾಲದಲ್ಲಿ ಅದೇ ಇಡೀ ಸೀಮೆಗೆ ಹೆಸರು ಕೊಟ್ಟಿತ್ತು, ಶಾಸನಗಳಲ್ಲಿ ‘ಕೋಗಳಿ ಐನೂರು’. ನಾನು ಓಡಾಡುವುದೆಲ್ಲ ಆ ಒಂದು ನಾಡಿನೊಳಗೇ. ಕೇಂದ್ರಸ್ಥಾನ ಬಿಟ್ಟೆ ಎನ್ನುವುದಾದರೆ ಮೊದಲು ಚಾಲುಕ್ಯರನ್ನು ಕೇಳಬೇಕು. ಇನ್ನು ನಮ್ಮ ಹರಪನಹಳ್ಳಿಯೋ, ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ತಾಲ್ಲೂಕಿಗೆ ತಾಲ್ಲೂಕೇ ಅಪ್-ಡೌನ್ ಮಾಡುವಾಗ ಗುಮಾಸ್ತನೊಬ್ಬ ಮಾಡಿದರೆ ತಪ್ಪೇ?

ತಡವಾಯಿತೆಂದು ಬೈಸಿಕೊಂಡಾಗಲೂ ನೆಮ್ಮದಿಗೆ ಒಂದು ದಾರಿ ಇದೆ. ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದದ್ದು 1905ರಲ್ಲಿ. ಅದು ಮುಂದೆ ಸಾಗಿ ಹರಪನಹಳ್ಳಿ ಮೇಲೆ ಹರಿಹರಕ್ಕೆ ಜನರನ್ನು ಹೊತ್ತು ಹೊರಟದ್ದು 2019ರಲ್ಲಿ. ನೂರು ವರ್ಷ ಮೀರಿ ತಡವಾದ ಆ ರೈಲಿಗೆ ಹೂವಿನ ಹಾರ. ಅರ್ಧ ತಾಸು ತಡವಾದ ನನಗೆ ನೋಟೀಸು. ಬೀಚಿ ಹುಟ್ಟಿದ್ದು ನಮ್ಮೂರಲ್ಲಿ. ಪೊಲೀಸ್ ಇಲಾಖೆಯಲ್ಲಿ ಇದ್ದುಕೊಂಡೇ ಅವರು ನಾಡನ್ನು ನಗಿಸಿದರು. ಒಂದು ನೋಟೀಸಿಗೆ ನಾನು ಅಳುವುದು ಊರಿನ ಮರ್ಯಾದೆಗೆ ಸಲ್ಲದು.

ಹೋದ ತಿಂಗಳು ಹರಪನಹಳ್ಳಿಯಲ್ಲೇ ಒಂದು ಹುದ್ದೆ ಖಾಲಿಯಾಯಿತು. “ವರ್ಗಾವಣೆಗೆ ಅರ್ಜಿ ಹಾಕ್ರಿ” ಎಂದಳು ಹೆಂಡತಿ. ನೋಡೋಣ ಎಂದೆ. ಎರಡನೇ ಸಲವೂ ನೋಡೋಣ ಎಂದಾಗ ಅವಳಿಗೆ ಅನುಮಾನ ಬಂತು. “ನಾಳೆ ನಾನೂ ಬರ್ತೀನಿ. ಕೊಟ್ಟೂರೇಶನ ಗುಡಿಗೆ ಹೋಗಿ ಭಾಳ ದಿನಾತು. ಹೆಂಗಿದ್ರೂ ಬಸ್ಸು ಪುಕ್ಕಟೆ.”

ಹತ್ತಿದ ಕೂಡಲೇ ಅವಳಿಗೆ ಸೀಟು ಸಿಕ್ಕಿತು. ಪಕ್ಕದಲ್ಲಿ ಅದೇ ಅಜ್ಜಿ.

“ನಿನ್ನ ಗಂಡನೇನವ್ವಾ? ಭಾಳ ಚಲೋ ಮನಷ್ಯಾ. ದಿನಾ ನಿಂತಕಂಡ ನಕ್ಕೋಂತ ಬರ್ತಾನ.”

ಹೆಂಡತಿ ತಲೆ ಎತ್ತಿ ನೋಡಿದಳು. ಮುಖ ಸಪ್ಪಗೆ ಮಾಡಿಕೊಳ್ಳಲು ಹೋದೆ, ಹೊತ್ತು ಮೀರಿತ್ತು. ಅಷ್ಟರಲ್ಲಿ ಕೊಟ್ಟೂರು ಬಂತು. ಇಳಿದು ಅವಳನ್ನು ಸರಸರನೆ ಗುಡಿಯ ದಾರಿಗೆ ಹಚ್ಚುತ್ತಿದ್ದೆ. ಬಂಡಿಯ ಹುಡುಗ ದೂರದಿಂದಲೇ ಮಂಡಕ್ಕಿ ಕಲಸತೊಡಗಿದ.

“ಸರ್, ದಿನದ್ದಾ? ನಾಕು ಮಿರ್ಚಿ?”

ಹೆಂಡತಿ ಬಂಡಿಯ ಬಳಿ ಹೋದಳು, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. “ಎಂಟು ಹಾಕಪಾ,” ಎಂದಳು, “ಮ್ಯಾಲೆ ಉಳ್ಳಾಗಡ್ಡಿ ಜಾಸ್ತಿ ಉದುರಸು.”